ಒಂದೇ ಭಾಷೆಯ ತಂತ್ರಾಂಶ: ಉಳಿತಾಯವೆಷ್ಟು, ಹೊಣೆಯೆಷ್ಟು?

ಬಿಲ್ಲಿಂಗ್, ದಾಸ್ತಾನು ಹಾಗೂ ಲೆಕ್ಕಪತ್ರಗಳಿಗಾಗಿ ಸ್ವಂತ ತಂತ್ರಾಂಶ ಮಾಡಿಸಲು ಹೊರಡುವ ಉದ್ಯಮಿಗಳಿಗೆ ಬರುವ ಕೊಟೇಶನ್‌ಗಳಲ್ಲಿ 'ಫುಲ್ ಸ್ಟಾಕ್ ಜಾವಾಸ್ಕ್ರಿಪ್ಟ್' ಎಂಬ ಪದವು ಈಗ ಸಾಮಾನ್ಯವಾಗಿದೆ. ಪರದೆಯ ಮೇಲೆ ಕಾಣುವ ಭಾಗವನ್ನೂ, ಸರ್ವರಿನಲ್ಲಿ ಲೆಕ್ಕ ಇಡುವ ಭಾಗವನ್ನೂ ಒಂದೇ ಭಾಷೆಯಲ್ಲಿ ರಚಿಸುವುದು ಎಂಬುದೇ ಇದರ ಅರ್ಥ. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ಬ್ರೌಸರ್‌ಗಾಗಿ ರೂಪಿಸಿದ ಜಾವಾಸ್ಕ್ರಿಪ್ಟ್, 2009ರಲ್ಲಿ ರಯಾನ್ ಡಾಲ್ ಅವರ ನೋಡ್ ಜೆಎಸ್ ಬಂದ ನಂತರ ಸರ್ವರಿನಲ್ಲಿಯೂ ವ್ಯಾಪಕವಾಗಿ ಬಳಕೆಗೆ ಬಂದಿತು.

ಇದರ ಅನುಕೂಲಗಳನ್ನು ಅಲ್ಲಗಳೆಯಲಾಗದು. ಎರಡು ಭಾಷೆಗಳಿಗೆ ಎರಡು ತಂಡಗಳು ಬೇಕಿಲ್ಲ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳಿವೆಯೇ ಎಂಬಂಥ ನಿಯಮವನ್ನು ಒಮ್ಮೆ ಬರೆದು ಎರಡೂ ಕಡೆ ಬಳಸಬಹುದು. ಭಾಷೆಗೆ ಪರವಾನಗಿ ಶುಲ್ಕವಿಲ್ಲ; ಬಲ್ಲವರೂ ಹೇರಳವಾಗಿದ್ದಾರೆ. ಸಣ್ಣ ಉದ್ಯಮಕ್ಕೆ ಇದು ನಿಜವಾದ ಉಳಿತಾಯವೇ ಸರಿ.

ಆದರೆ ಲೆಕ್ಕಪತ್ರದ ದೃಷ್ಟಿಯಿಂದ ಎಚ್ಚರ ಅಗತ್ಯ. ಈ ಭಾಷೆಯ ಸಾಮಾನ್ಯ ಸಂಖ್ಯೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ ಬರುವ ಉತ್ತರ 0.30000000000000004. ಇತರ ಭಾಷೆಗಳಲ್ಲಿಯೂ ಈ ದೋಷವುಂಟು. ಆದರೆ ಅವುಗಳಲ್ಲಿ ಹಲವು ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ವ್ಯವಸ್ಥೆಯನ್ನು ಜೊತೆಯಲ್ಲೇ ನೀಡುತ್ತವೆ. ಇನ್ನು, ಪರದೆಯಲ್ಲಿ ನಮೂದಿಸಿದ 100 ಮತ್ತು 18 ಎಂಬ ಮೊತ್ತಗಳನ್ನು ಸಂಖ್ಯೆಯಾಗಿ ಪರಿವರ್ತಿಸದೆ ಕೂಡಿಸಿದರೆ 118ರ ಬದಲು 10018 ಎಂದಾಗುತ್ತದೆ. ಹಣವನ್ನು ಪೈಸೆಯ ಪೂರ್ಣಾಂಕದಲ್ಲಿ ಇಡುವುದು, ಟೈಪ್‌ಸ್ಕ್ರಿಪ್ಟ್ ಬಳಸುವುದು ಇದಕ್ಕೆ ತಕ್ಕ ಪರಿಹಾರಗಳು.

ಎರಡನೆಯದು ಪರಾವಲಂಬನೆ. ಸಾಧಾರಣ ತಂತ್ರಾಂಶವೂ ಅಪರಿಚಿತರು ಬರೆದ ನೂರಾರು ಪ್ಯಾಕೇಜುಗಳನ್ನು ಆಧರಿಸಿರುತ್ತದೆ. 2016ರಲ್ಲಿ 'ಲೆಫ್ಟ್‌ಪ್ಯಾಡ್' ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂಪಡೆದಾಗ, ಅದನ್ನು ನೆಚ್ಚಿದ್ದ ಅಸಂಖ್ಯ ಯೋಜನೆಗಳ ಕೆಲಸ ನಿಂತಿತು. 2018ರಲ್ಲಿ 'ಇವೆಂಟ್ ಸ್ಟ್ರೀಮ್' ಪ್ಯಾಕೇಜಿನೊಳಗೆ ಬಿಟ್‌ಕಾಯಿನ್ ಕದಿಯುವ ಸಂಕೇತ ಸೇರಿಕೊಂಡಿತ್ತು. ನೋಡ್‌ನ ದೀರ್ಘಾವಧಿ ಆವೃತ್ತಿಗಳಿಗೂ ಬೆಂಬಲ ದೊರೆಯುವುದು ಎರಡೂವರೆ–ಮೂರು ವರ್ಷ ಮಾತ್ರ. ಹೀಗಾಗಿ ನಿರ್ಮಾಣದಲ್ಲಿ ಉಳಿಸಿದ ಹಣ ನಿರ್ವಹಣೆಯಲ್ಲಿ ಕರಗಬಹುದು.

ಆದ್ದರಿಂದ ಭಾಷೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗಿಂತ ಕರಾರುಪತ್ರದಲ್ಲಿ ಏನಿದೆ ಎಂಬುದು ಮುಖ್ಯ. ಮುಂಗಡ ನೀಡುವ ಮೊದಲೇ ಮೊತ್ತಗಳನ್ನು ಇಡುವ ವಿಧಾನ, ಬಳಸುವ ಪ್ಯಾಕೇಜುಗಳ ಪಟ್ಟಿ, ಆವೃತ್ತಿ ನವೀಕರಣದ ಹೊಣೆ ಮತ್ತು ವೆಚ್ಚ, ಮೂಲ ಸಂಕೇತದ ಹಸ್ತಾಂತರ ಇವೆಲ್ಲವೂ ಲಿಖಿತವಾಗಿರಬೇಕು. 2023ರ ಏಪ್ರಿಲ್ 1ರಿಂದ ಆರಂಭವಾದ ಆರ್ಥಿಕ ವರ್ಷದಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯುವುದು ಕಡ್ಡಾಯ. ಈ ಸೌಲಭ್ಯ ಯಾವ ಭಾಷೆಯಲ್ಲಿಯೂ ತಾನಾಗಿ ಬಾರದು, ಕೇಳಿ ಮಾಡಿಸಿಕೊಳ್ಳಬೇಕು.

ಕೊಟೇಶನ್‌ಗಳನ್ನು ಮೊದಲ ವರ್ಷದ ಬೆಲೆಯಿಂದಲ್ಲ, ಐದು ವರ್ಷಗಳ ಒಟ್ಟು ವೆಚ್ಚದಿಂದ ಹೋಲಿಸಿ ನೋಡುವುದು ಉದ್ಯಮಿಗಳಿಗೆ ಶ್ರೇಯಸ್ಕರ.