ಲಾಬ್‌ಸ್ಟರ್‌ಗೆ ರೇಟಿದೆ ಅಂತ ಬಿತ್ತನೆ ಬೀಜ ಮಾರಬೇಡಿ

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಲಾಬ್‌ಸ್ಟರ್ ರೇಟು ಕೇಳಿದರೆ ಯಾವ ಮೀನುಗಾರನಿಗೂ ಆಸೆ ಹುಟ್ಟುತ್ತದೆ. ಮೈಯೆಲ್ಲ ಮುಳ್ಳಿರುವ, ಸಿಗಡಿಯ ದೊಡ್ಡಣ್ಣನಂತಿರುವ ಈ ಪ್ರಾಣಿ ಕಡಲ ಬಂಡೆಗಳ ಸಂದಿಯಲ್ಲಿ ಬದುಕುತ್ತದೆ. ಜೀವಂತ ಸಿಕ್ಕರೆ ವಿಮಾನ ಹತ್ತಿ ಹೊರದೇಶಕ್ಕೂ ಹೋಗುತ್ತದೆ.

ಕಾರವಾರ, ಉಪ್ಪುಂದದ ಕಡೆ ಪಂಜರದಲ್ಲಿ ಮೀನು ಸಾಕುವವರಿದ್ದಾರೆ. ಹಾಗೆಯೇ ಲಾಬ್‌ಸ್ಟರ್ ಸಾಕಿದರೇನು? ಗುಜರಾತಿನ ಸಿದ್ದಿ ಸಮುದಾಯದವರು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ನೆರವಿನಿಂದ ಸಾಕಿ ತೋರಿಸಿದ್ದಾರೆ. ದುಡಿಯುವವರ ಕೈಗೆ ನಾಲ್ಕು ಕಾಸು ಬರುವುದನ್ನು ಬೇಡ ಎನ್ನಲು ನಾವ್ಯಾರು?

ಆದರೆ ಒಂದು ಮಾತು. ಕೋಳಿ ಫಾರಂಗೆ ಮರಿ ಹ್ಯಾಚರಿಯಿಂದ ಬರುತ್ತದೆ. ಮುಳ್ಳು ಲಾಬ್‌ಸ್ಟರ್‌ಗೆ ನಮ್ಮ ದೇಶದಲ್ಲಿ ವ್ಯಾಪಾರಕ್ಕೆ ಸಾಲುವಂಥ ಹ್ಯಾಚರಿ ಇಲ್ಲ. ಇದರ ಮರಿ ಎಲೆಯಂತೆ ತೆಳ್ಳಗಿದ್ದು, ತಿಂಗಳುಗಟ್ಟಲೆ ಕಡಲಲ್ಲಿ ತೇಲಿದ ಮೇಲಷ್ಟೇ ರೂಪ ಬದಲಿಸಿ ತಳ ಸೇರುತ್ತದೆ. ಹಾಗಾಗಿ ಪಂಜರಕ್ಕೆ ಬಿಡುವ ಪ್ರತಿ ಮರಿಯನ್ನೂ ಕಡಲಿಂದಲೇ ಹಿಡಿಯಬೇಕು. ಮರಿ ಖಾಲಿಯಾದರೆ ಪಂಜರವೂ ಖಾಲಿ.

ಮುಂಬೈಯಲ್ಲಿ ಏನಾಯಿತು ನೋಡಿ. ಅಲ್ಲಿ ಚಪ್ಪಟೆ ಜಾತಿಯ ಲಾಬ್‌ಸ್ಟರ್‌ಗೆ 1970ರ ದಶಕದ ಕೊನೆಯಲ್ಲಿ ಟ್ರಾಲ್ ಬೋಟುಗಳು ಮುಗಿಬಿದ್ದವು. 1994ರ ಹೊತ್ತಿಗೆ ಆ ಮೀನುಗಾರಿಕೆಯೇ ಕುಸಿಯಿತು. ಮೊಟ್ಟೆ ಹೊತ್ತ ಹೆಣ್ಣುಗಳನ್ನೂ ಬಿಡದೆ ಹಿಡಿದಿದ್ದರು.

ನಿಯಮವೇ ಇಲ್ಲವೆಂದಲ್ಲ. 2003ರಲ್ಲಿ ಕೇಂದ್ರ ಸರ್ಕಾರ ರಫ್ತಿಗೆ ಕನಿಷ್ಠ ತೂಕ ನಿಗದಿ ಮಾಡಿತು: ಜಾತಿಗೆ ತಕ್ಕಂತೆ 200, 300, 500 ಗ್ರಾಂ. ಆದರೆ ಅದು ರಫ್ತಿನ ನಿಯಮ. ರಫ್ತಿಗೆ ಬೇಡವಾದ ಸಣ್ಣದು ನಮ್ಮ ಊರಿನ ಹೋಟೆಲಿನ ತಟ್ಟೆಗೆ ಬಂದರೆ ಕಡಲಿಗೇನು ಲಾಭ?

"ನಾನು ಬಿಟ್ಟರೆ ಪಕ್ಕದ ಬೋಟಿನವ ಹಿಡೀತಾನೆ" ಅನ್ನುತ್ತಾರೆ. ನಿಜ. ಬೋರ್‌ವೆಲ್ ವಿಷಯದಲ್ಲಿ ನಾವೂ ಇದನ್ನೇ ಹೇಳಿ ಸಾವಿರ ಅಡಿಗೆ ಇಳಿದೆವು. ಅದಕ್ಕೇ ಒಬ್ಬೊಬ್ಬರ ಒಳ್ಳೆಯತನ ನಂಬಿ ಕೂರಲಾಗದು, ಎಲ್ಲರಿಗೂ ಒಂದೇ ಕಟ್ಟುಪಾಡು ಬೇಕು. ಪಶ್ಚಿಮ ಆಸ್ಟ್ರೇಲಿಯಾದವರು 1963ರಲ್ಲೇ ಲಾಬ್‌ಸ್ಟರ್ ಬುಟ್ಟಿಗಳ ಸಂಖ್ಯೆಗೆ ಮಿತಿ ಹಾಕಿದರು. ಅಲ್ಲಿ ಆ ಕಸುಬು ಇವತ್ತಿಗೂ ಉಳಿದಿದೆ.

ನಮ್ಮಲ್ಲೂ ಧಂದೆ ಬೆಳೆಯುವ ಮುಂಚೆಯೇ ಮೂರು ಕೆಲಸ ಆಗಲಿ. ಮೊಟ್ಟೆ ಹೊತ್ತ ಹೆಣ್ಣು ಬಲೆಗೆ ಬಿದ್ದರೆ ವಾಪಸ್ ಕಡಲಿಗೆ ಬಿಡಬೇಕು. ತೂಕದ ನಿಯಮ ಹೋಟೆಲಿಗೂ ಅನ್ವಯವಾಗಬೇಕು. ಸಬ್ಸಿಡಿ ಕೊಡುವಾಗ ಪಂಜರ ಎಷ್ಟು ಎಂದಷ್ಟೇ ಅಲ್ಲ, ಮರಿ ಎಲ್ಲಿಂದ ಬಂತು ಎಂದೂ ಇಲಾಖೆ ಕೇಳಬೇಕು.

ಬಿತ್ತನೆಗೆ ಇಟ್ಟ ರಾಗಿಯನ್ನು ಬೀಸಿ ಮುದ್ದೆ ಮಾಡಿದರೆ ಒಂದು ಹೊತ್ತು ಹೊಟ್ಟೆ ತುಂಬುತ್ತದೆ. ಮುಂದಿನ ಮಳೆಗೆ ಏನು ಬಿತ್ತುತ್ತೀರಿ?