ಕ್ಯಾಮೆರಾ ಯಾರ ಬೆನ್ನ ಹಿಂದೆ?

ಬೆಳಗಾವಿಯ ಸುಶಿಕ್ಷಿತರಲ್ಲಿ ಒಂದು ಮಾತು ಬಹಳ ರೂಢಿಯಲ್ಲಿದೆ. "ಹಳೇ ಕಪ್ಪು-ಬಿಳುಪು ಕೌಬಾಯ್ ಪಿಕ್ಚರಿನ ಮಜಾನ ಬ್ಯಾರೆ ಬಿಡ್ರಿ, ಈಗ ಅಂಥಾವು ಎಲ್ಲಿ ಬರ್ತಾವು?" ಕ್ಯಾಂಪಿನ ಕಡೆಯ ನಿವೃತ್ತರು ಹೀಗೆನ್ನುತ್ತಾರೆ, ಇಂಗ್ಲಿಷ್ ಕಲಿಸುವ ಪ್ರಾಧ್ಯಾಪಕರೂ ಹೀಗೆನ್ನುತ್ತಾರೆ. ಶಾಲೆಗಳಿಗೆ ಪ್ರೊಜೆಕ್ಟರು ಬಂದ ಮೇಲಂತೂ ಮಕ್ಕಳಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಬೇಕೆಂದು ಪಟ್ಟಿ ಮಾಡಿ ಕೊಡುವವರು ಹೆಚ್ಚಾಗಿದ್ದಾರೆ. ಆ ಪಟ್ಟಿಯಲ್ಲಿ ಜಾನ್ ಫೋರ್ಡನ 'ಸ್ಟೇಜ್‌ಕೋಚ್' ಇದ್ದೇ ಇರುತ್ತದೆ, 'ಫೋರ್ಟ್ ಅಪಾಚೆ'ಯೂ ಇರುತ್ತದೆ. ನಾನು ಬರೆಯಹೊರಟಿರುವುದು ಈ ಪಟ್ಟಿಯ ವಿರುದ್ಧ.

ಬಿ.ಎ., ಬಿ.ಎಡ್. ಮಾಡಿಕೊಂಡು ಇತಿಹಾಸದ ಪಾಠ ಹೇಳುವ ಅಕ್ಕೋರಿಗೆ ಸಿನಿಮಾ ಏನು ತಿಳಿದೀತು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಇವನ್ನು ನೋಡಿದ್ದೇನೆ. ತೊಂಬತ್ತರ ದಶಕದಲ್ಲಿ ಕೇಬಲ್ ಟಿ.ವಿ. ಬಂದಾಗ ಹಗಲೆಲ್ಲ ಕಾರ್ಟೂನ್ ತೋರಿಸುತ್ತಿದ್ದ ಒಂದು ಚಾನೆಲ್ಲು ರಾತ್ರಿಯಾಗುತ್ತಲೇ ಹಳೆಯ ಹಾಲಿವುಡ್ ಚಿತ್ರಗಳ ಚಾನೆಲ್ಲಾಗುತ್ತಿತ್ತು. ಮಕ್ಕಳನ್ನು ಮಲಗಿಸಿ, ಉತ್ತರಪತ್ರಿಕೆ ತಿದ್ದುತ್ತ ನೋಡಿದ ಚಿತ್ರಗಳು ಒಂದೆರಡಲ್ಲ. ಅವು ಕೆಟ್ಟ ಚಿತ್ರಗಳೆಂದು ನಾನು ಹೇಳುತ್ತಿಲ್ಲ. ಕೆಟ್ಟ ಚಿತ್ರಗಳಾಗಿದ್ದರೆ ಈ ಲೇಖನ ಬೇಕಿರಲಿಲ್ಲ. ಮೋಡ, ಧೂಳು, ಕುದುರೆಯ ಖುರ, ಬಂಡೆಯ ನೆರಳು, ಇವನ್ನೆಲ್ಲ ಬರೀ ಕಪ್ಪು ಬಿಳುಪಿನಲ್ಲಿ ಅಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ. ಚೆನ್ನಾಗಿರುವುದರಿಂದಲೇ ನನಗೆ ಸಂಕಟ.

'ಸ್ಟೇಜ್‌ಕೋಚ್' 1939ರ ಚಿತ್ರ. ಒಂದು ಕುದುರೆಗಾಡಿ, ಅದರಲ್ಲಿ ಪ್ರಯಾಣಿಕರು: ಗರ್ಭಿಣಿ, ಕುಡುಕ ಡಾಕ್ಟರು, ಊರಿನಿಂದ ಹೊರದಬ್ಬಿಸಿಕೊಂಡ ಹೆಣ್ಣು, ಕಳ್ಳ ಬ್ಯಾಂಕರು, ಜೈಲಿನಿಂದ ತಪ್ಪಿಸಿಕೊಂಡು ಬಂದ ನಾಯಕ. ಒಬ್ಬೊಬ್ಬರಿಗೂ ಹೆಸರುಂಟು, ದುಃಖವುಂಟು, ಹಿಂದಿನ ಕಥೆಯುಂಟು. ಅಪಾಚೆಗಳಿಗೆ? ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಇಳಿಯುತ್ತಾರೆ. ಸಾಯುತ್ತಾರೆ. ಜೆರೊನಿಮೊ ಸರಕಾರ ಗೊತ್ತುಮಾಡಿದ ಮೀಸಲು ಪ್ರದೇಶ ಬಿಟ್ಟು ಹೊರಬಿದ್ದನೆಂಬ ಸುದ್ದಿ ಆರಂಭದಲ್ಲೇ ಬರುತ್ತದೆ. ಯಾಕೆ ಹೊರಬಿದ್ದ ಎಂಬ ಪ್ರಶ್ನೆಯನ್ನು ಗಾಡಿಯಲ್ಲಿ ಕುಳಿತ ಒಬ್ಬನೂ ಕೇಳುವುದಿಲ್ಲ. 1886ರಲ್ಲಿ ಶರಣಾದ ಆ ಮನುಷ್ಯ 1909ರಲ್ಲಿ ಕೈದಿಯಾಗಿಯೇ ಸತ್ತ. ಸಿನಿಮಾಕ್ಕೆ ಆತ ಬರಿಯ ಒಂದು ಹೆದರಿಕೆಯ ಹೆಸರು.

ಆ ಚಿತ್ರದ ಇನ್ನೊಂದು ದೃಶ್ಯ ಹೆಣ್ಣಾದ ನನಗೆ ಮೈ ಉರಿಸುತ್ತದೆ. ಗುಂಡುಗಳು ಮುಗಿಯುತ್ತ ಬಂದಿವೆ. ಸಭ್ಯಸ್ಥನೆನಿಸಿಕೊಂಡ ಜೂಜುಕೋರ ತನ್ನ ಕೊನೆಯ ಗುಂಡನ್ನು ಹಡೆದ ಬಾಣಂತಿಯ ತಲೆಗೆ ಹಿಡಿಯುತ್ತಾನೆ, ಅವಳು 'ಕಾಡುಜನ'ರ ಕೈಗೆ ಸಿಗಬಾರದಂತೆ! ಅವಳನ್ನು ಕೇಳಿದವರಾರು? ಅಷ್ಟರಲ್ಲಿ ಅವನಿಗೇ ಗುಂಡು ಬೀಳುತ್ತದೆ, ಸೈನ್ಯದ ಕಹಳೆ ಮೊಳಗುತ್ತದೆ, ನೋಡುವವರು ನಿಟ್ಟುಸಿರು ಬಿಡುತ್ತಾರೆ.

ಈಗ ನಮ್ಮ ಜಿಲ್ಲೆಯ ಕಥೆ ನೋಡಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತ. ಕಿತ್ತೂರಿನವರು ದತ್ತು ಮಾಡಿಕೊಂಡ ಶಿವಲಿಂಗಪ್ಪನನ್ನು ಒಪ್ಪದೆ, ಸಂಸ್ಥಾನವನ್ನೇ ವಶಪಡಿಸಿಕೊಳ್ಳಲು ಬಂದವನು ಆತ. ಅಂದು ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ರಾಣಿ ಚೆನ್ನಮ್ಮನ ಕೈಗೆ ಸೆರೆ ಸಿಕ್ಕರು. 'ಕಾಡುಜನ'ರ ರಾಣಿ ಅವರನ್ನು ಜೀವಂತವಾಗಿಟ್ಟಳು, ಯುದ್ಧ ನಿಲ್ಲುವುದೆಂಬ ನಂಬಿಕೆಯ ಮೇಲೆ ಬಿಟ್ಟಳು. ಯುದ್ಧ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಇನ್ನೂ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಅಂದು ಬದುಕಿ ಉಳಿದ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿದ ಎಲಿಯಟ್. ನಮ್ಮ ಶಾಸನಶಾಸ್ತ್ರಕ್ಕೆ ಅವನ ಋಣವಿದೆ, ಅವನಿಗೆ ಆ ರಾಣಿಯ ಋಣವಿದೆ. ಈ ವಿಷಯದ ಮೇಲೆ ಯಾರೂ ಸಿನಿಮಾ ತೆಗೆದಂತಿಲ್ಲ.

ಫೋರ್ಡ್ ಸಾಹೇಬರು ಕಿತ್ತೂರಿನ ಕಥೆ ತೆಗೆದಿದ್ದರೆ ಹೇಗಿರುತ್ತಿತ್ತು? ಊಹಿಸಬೇಕಾಗಿಲ್ಲ, ತೆಗೆದೇ ಇದ್ದಾರೆ. 1948ರ 'ಫೋರ್ಟ್ ಅಪಾಚೆ' ಅದೇ. ಹಟಮಾರಿ ಕರ್ನಲ್ ಥರ್ಸ್‌ಡೇ ಯಾರ ಮಾತನ್ನೂ ಕೇಳದೆ ನುಗ್ಗಿ ಪಡೆಯ ಸಮೇತ ಸಾಯುತ್ತಾನೆ. ಇದರ ಹಿಂದಿರುವುದು 1876ರಲ್ಲಿ ಹಾಗೆಯೇ ಸತ್ತ ಕಸ್ಟರನ ನೆನಪು. ಇದನ್ನು ಮೆಚ್ಚುವವರು, "ನೋಡಿ ಅಕ್ಕೋರೇ, ಇಲ್ಲಿ ಅಪಾಚೆಗಳ ಪರವಾಗಿಯೇ ಇದೆಯಲ್ಲ" ಎನ್ನುತ್ತಾರೆ. ಹೌದು, ಅವರ ನಾಯಕ ಕೊಚೀಸನಿಗೆ ಮಾತುಂಟು. ಸರಕಾರದ ಏಜೆಂಟ್ ಕಳ್ಳನೆಂದು ಹೇಳುತ್ತಾನೆ, ಅದು ನಿಜವೆಂದು ಚಿತ್ರವೂ ಒಪ್ಪುತ್ತದೆ. ಆದರೆ ಕೊಚೀಸನ ಪಾತ್ರ ಮಾಡಿದವನು ಮೆಕ್ಸಿಕೋದ ನಟ, ಆಡುವುದು ಸ್ಪ್ಯಾನಿಷ್, ಅದನ್ನು ಸೈನ್ಯದವರು ಇಂಗ್ಲಿಷಿಗೆ ತಿರುಗಿಸಬೇಕು. ಚಿತ್ರಣ ನಡೆದ ಮಾನ್ಯುಮೆಂಟ್ ಕಣಿವೆ ನವಾಹೋ ಜನರ ನೆಲ, ಅಪಾಚೆಗಳೆಂದು ಕುದುರೆ ಓಡಿಸಿದವರು ನವಾಹೋಗಳು. ನಮ್ಮ ಚೆನ್ನಮ್ಮನ ಬಾಯಲ್ಲಿ ತಮಿಳು ಮಾತು ಹಾಕಿ, ಕೊಡವರಿಂದ ಸಂಗೊಳ್ಳಿಯವರ ವೇಷ ಕಟ್ಟಿಸಿದರೆ ನಾವು ಸುಮ್ಮನಿರುತ್ತಿದ್ದೆವೆ?

ಕೊನೆಯಲ್ಲಿ ಏನಾಗುತ್ತದೆ ಗಮನಿಸಿ. ಕರ್ನಲನ ಮೂರ್ಖತನವನ್ನು ಕಣ್ಣಾರೆ ಕಂಡ ಕ್ಯಾಪ್ಟನ್ ಯಾರ್ಕ್ ಪತ್ರಕರ್ತರೆದುರು ಆ ಸತ್ತವನ ಸುಳ್ಳು ಕೀರ್ತಿಯನ್ನೇ ಎತ್ತಿ ಹಿಡಿಯುತ್ತಾನೆ, ಅವನಂತೆಯೇ ಟೋಪಿ ಹಾಕಿಕೊಂಡು ಮತ್ತೆ ಅಪಾಚೆಗಳ ಬೇಟೆಗೆ ಹೊರಡುತ್ತಾನೆ. ಚಿತ್ರಕ್ಕೆ ಸತ್ಯ ಗೊತ್ತಿದೆ. ಗೊತ್ತಿದ್ದೂ ಮುಚ್ಚುತ್ತದೆ. ಇದನ್ನು ವ್ಯಂಗ್ಯವೆಂದು ಬಲ್ಲವರು ವಿವರಿಸುತ್ತಾರೆ. ಎಂಟನೆಯ ಇಯತ್ತೆಯ ಹುಡುಗನಿಗೆ ವ್ಯಂಗ್ಯ ಕಾಣುವುದಿಲ್ಲ, ಕುದುರೆ ಕಾಣುತ್ತದೆ.

ಖಾನಾಪುರ ತಾಲೂಕಿನಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಒಬ್ಬ ಉತ್ಸಾಹಿ ಮಾಸ್ತರರು ಶನಿವಾರ 'ಸ್ಟೇಜ್‌ಕೋಚ್' ಹಾಕಿದರು. ಕಹಳೆ ಊದಿದಾಗ ನಮ್ಮ ಹುಡುಗರು ಬೆಂಚು ಬಡಿದು ಕೂಗಿದ್ದೇ ಕೂಗಿದ್ದು. ಅಲ್ಲಿದ್ದವರಲ್ಲಿ ನಂದಗಡದವರಿದ್ದರು, ಬೀಡಿಯ ಕಡೆಯವರಿದ್ದರು, ಕಾಡಂಚಿನ ಗೌಳಿಗರ ಮಕ್ಕಳಿದ್ದರು, ಇಬ್ಬರು ಸಿದ್ದಿ ಹುಡುಗರೂ ಇದ್ದರು. ಇವರ ಅಜ್ಜ ಮುತ್ತಜ್ಜರೆಲ್ಲ ಆ ಗುಡ್ಡದ ನೆತ್ತಿಯ ಮೇಲೆ ನಿಂತಿದ್ದವರ ಸಾಲಿನವರು. 1830ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣ ಬೀಡಿಯ ಕಚೇರಿ ಸುಟ್ಟ, ಖಾನಾಪುರ, ಸಂಪಗಾವಿಗಳ ಮೇಲೆ ಬಿದ್ದ. ಕುದುರೆಗಾಡಿಯೊಳಗೆ ಕ್ಯಾಮೆರಾ ಇಟ್ಟರೆ ಅವನೂ ದರೋಡೆಕೋರನೇ. ಗುಡ್ಡದ ಮೇಲಿಟ್ಟರೆ ಮಾತ್ರ, ಅವನ ಹೊಲ ಹೋಗಿತ್ತು, ಉಳಿದದ್ದಕ್ಕೆ ಕಂದಾಯ ಏರಿತ್ತು, ಸುಟ್ಟ ಕಚೇರಿಯಲ್ಲಿದ್ದದ್ದು ಆ ಕಂದಾಯದ ದಫ್ತರ ಎಂಬುದು ತಿಳಿಯುತ್ತದೆ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ್ದು ಈ ತಾಲೂಕಿನ ನಂದಗಡದಲ್ಲಿ. ಅಲ್ಲಿನ ಆಲದ ಮರದ ಕೆಳಗೆ ಇಂದಿಗೂ ಜನ ತೊಟ್ಟಿಲು ಕಟ್ಟಿ ಮಕ್ಕಳನ್ನು ಬೇಡಿಕೊಳ್ಳುತ್ತಾರೆ. ಅದೇ ಊರಿನ ಹುಡುಗ ಸೈನ್ಯದ ಕಹಳೆಗೆ ಬೆಂಚು ಬಡಿಯುತ್ತಾನೆ!

"ಸಿನಿಮಾನ ಸಿನಿಮಾದಂಗ ನೋಡ್ರಿ, ರಾಜಕೀಯ ಯಾಕ?" ಎಂದು ಮಾಸ್ತರರು ನನಗೆ ಹೇಳಿದರು. ಕ್ಯಾಮೆರಾವನ್ನು ಗಾಡಿಯೊಳಗೆ ಇಟ್ಟದ್ದೇ ರಾಜಕೀಯ, ನಾನು ಹೊಸದಾಗಿ ತಂದದ್ದೇನಿಲ್ಲ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಇರಲಿ.

1961ರಲ್ಲಿ ಬಿ.ಆರ್. ಪಂತುಲು ಅವರು 'ಕಿತ್ತೂರು ಚೆನ್ನಮ್ಮ' ತೆಗೆದರು. ಅದೂ ಕಪ್ಪು-ಬಿಳುಪು, ಅದರಲ್ಲೂ ಕೋಟೆ, ಕುದುರೆ, ತೋಪು. ಬಿ. ಸರೋಜಾದೇವಿಯವರು ಚೆನ್ನಮ್ಮ, ರಾಜಕುಮಾರ್ ಮಲ್ಲಸರ್ಜ. ಅಲ್ಲಿ ಕೋಟೆಯೊಳಗಿರುವವರು ನಾವು, ಬಾಗಿಲು ಬಡಿಯುವವರು ಅವರು. ಹಾಡುಗಳು ಹೆಚ್ಚು, ನಾಟಕದ ವಾಸನೆಯೂ ಇದೆ, ಒಪ್ಪುತ್ತೇನೆ. ಪಟ್ಟಿ ಮಾಡುವವರಿಗೆ ಆ ದೋಷ ಕಾಣುತ್ತದೆ, ಆ ಕಡೆಯ ಚಿತ್ರದಲ್ಲಿ ಒಂದು ಜನಾಂಗಕ್ಕೇ ಬಾಯಿಲ್ಲದ ದೋಷ ಕಾಣುವುದಿಲ್ಲ. ಕಾರಣ ನನಗೆ ಹೊಳೆಯುವುದು ಹೀಗೆ: 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ಕೈಸೇರಿ, ಆಮೇಲೆ ದಂಡಿನ ಕ್ಯಾಂಪು ಬೆಳೆಯಿತು. ನಮ್ಮ ಪಟ್ಟಣದ ಅಭಿರುಚಿ ಇನ್ನೂ ಆ ಕ್ಯಾಂಪಿನ ಕಾವಲುಗೋಪುರದಿಂದಲೇ ಹೊರಗೆ ನೋಡುತ್ತಿದೆ. ನಮಗೂ ಒಂದು ಫೋರ್ಟ್ ಅಪಾಚೆ ಇದೆ, ಸಂಜೆ ಅಲ್ಲಿ ವಾಕಿಂಗ್ ಹೋಗುತ್ತೇವೆ.

ಇದು ಬರೀ ಹಳೆಯ ಲೆಕ್ಕವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ರಾಯಣ್ಣನ ಬಂಟ ಗಜವೀರ ಸಿದ್ದಿಯೆಂದು ಈ ಭಾಗದ ಜನ ಹೇಳುತ್ತ ಬಂದಿದ್ದಾರೆ. ಆದರೆ 2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾತ್ರ. ಹಳಿಯಾಳದ ಸಿದ್ದಿ ಹುಡುಗ ಪಂಗಡದವನು, ಖಾನಾಪುರದಲ್ಲಿರುವ ಅವನ ಸೋದರಮಾವನ ಮಗ ಅಲ್ಲ! ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು ಸೇರಿದ್ದು 2020ರಲ್ಲಿ. ಹದಿನೇಳು ವರ್ಷ ನನ್ನ ತರಗತಿಗಳಲ್ಲಿ ಕುಳಿತ ಮಕ್ಕಳು ಆ ಗೆರೆಯ ತಪ್ಪು ಬದಿಗೆ ಇದ್ದರು. 2011ರಲ್ಲಿ ಭೀಮಗಡ ಅಭಯಾರಣ್ಯವಾಯಿತು. ಅದರೊಳಗಿನ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ತಂದ ಸುದ್ದಿ ಓದುತ್ತೇವೆ. ಅವರು ಕಾಡು ಬಿಟ್ಟು ಹೊರಬರಬೇಕೋ ಬೇಡವೋ ಎಂಬ ಚರ್ಚೆಯನ್ನು ಪಟ್ಟಣದಲ್ಲಿ ಕುಳಿತು ಮಾಡುತ್ತೇವೆ, ಗಾಡಿಯ ಕಿಟಕಿಯಿಂದ ಗುಡ್ಡ ನೋಡಿದ ಹಾಗೆ.

ಪಟ್ಟಿಯವರಿಗೆ ನನ್ನ ಬೇಡಿಕೆ ಸಣ್ಣದು. ಮೊದಲು ಮಕ್ಕಳನ್ನು ಬಸ್ಸಿನಲ್ಲಿ ನಂದಗಡಕ್ಕೆ ಕರೆದೊಯ್ಯಿರಿ. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರು, ಅಲ್ಲಿಂದ ನಂದಗಡ ಇನ್ನು ಸ್ವಲ್ಪವೇ ದೂರ, ಒಂದು ದಿನದಲ್ಲಿ ಹೋಗಿಬರಬಹುದು. ಮರುವಾರ ಪಂತುಲು ಅವರ ಚಿತ್ರ ಹಾಕಿರಿ. ಅದಾದ ಮೇಲೆ ಬೇಕಾದರೆ 'ಸ್ಟೇಜ್‌ಕೋಚ್' ಹಾಕಿರಿ, ಮಧ್ಯದಲ್ಲಿ ಒಮ್ಮೆ ನಿಲ್ಲಿಸಿ, ಆ ಗುಡ್ಡದ ಮೇಲಿನವರ ಮನೆಗಳು ಎಲ್ಲಿರಬಹುದೆಂದು ಕೇಳಿರಿ. ಖರ್ಚು ಬಸ್ಸಿನದಷ್ಟೇ. ನಮ್ಮ ತರಗತಿಯವರು ಡಬ್ಬಿ ಕಟ್ಟಿಕೊಂಡು ಬರುತ್ತಾರೆ.