ತಡೆಯುವ ವಿದ್ಯೆ ಮೊದಲು ಬರಲಿ

ಪರಿಸರ ಚಳವಳಿಯ ಪತ್ರಿಕೆಯಲ್ಲಿ ಟ್ರ್ಯಾಕ್ಟರಿನ ಬ್ರೇಕಿನ ಬಗ್ಗೆ ಬರೆಯುವುದು ಕೆಲವು ಓದುಗರಿಗೆ ವಿಚಿತ್ರವೆನಿಸಬಹುದು. ಟ್ರ್ಯಾಕ್ಟರೇ ಬೇಡವೆನ್ನುವವರು ನಮ್ಮ ಬಳಗದಲ್ಲಿದ್ದಾರೆ. ಅವರ ವಾದದಲ್ಲಿ ಹುರುಳಿದೆ. ಆದರೆ ಹೊಳಲ್ಕೆರೆ, ಹೊಸದುರ್ಗದ ಅಡಿಕೆ-ತೆಂಗಿನ ಸಾಲುಗಳ ನಡುವೆಯೂ ಚಿತ್ರದುರ್ಗ, ಹಿರಿಯೂರಿನ ಮಳೆಯಾಶ್ರಿತ ಹೊಲಗಳಲ್ಲಿಯೂ ಸಣ್ಣ ಟ್ರ್ಯಾಕ್ಟರು ಈಗಾಗಲೇ ಬಂದಿದೆ. ಎಷ್ಟೋ ಮನೆಗಳಲ್ಲಿ ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಇಂದು ಅದು ನಿಂತಿದೆ. ಬಂದದ್ದನ್ನು ಶಪಿಸುತ್ತ ಕೂರುವುದಕ್ಕಿಂತ, ಅದನ್ನು ನಿಲ್ಲಿಸುವ ವಿದ್ಯೆ ಯಾರ ಕೈಯಲ್ಲಿದೆ ಎಂದು ಕೇಳುವುದು ಮೇಲು.

ಅಮೃತಮಹಲ್ ಕಾವಲುಗಳ ಜಿಲ್ಲೆ ನಮ್ಮದು. ಎತ್ತಿನ ಗಾಡಿ ಇಳಿಜಾರಿನಲ್ಲಿ ಬರುವಾಗ ಎತ್ತುಗಳೇ ಕಾಲೂರಿ, ನೊಗಕ್ಕೆ ಹಿಂದೊತ್ತು ಕೊಟ್ಟು ಭಾರವನ್ನು ತಡೆಯುತ್ತಿದ್ದವು. ಗಾಡಿ ಹೊಡೆಯುವವನು ಮೈಮರೆತರೂ ಅವು ಎಚ್ಚರವಾಗಿರುತ್ತಿದ್ದವು. ಯಂತ್ರಕ್ಕೆ ಆ ವಿವೇಕವಿಲ್ಲ. ಅದರ ವಿವೇಕವನ್ನು ನಾವೇ ಪಾನಾ ಹಿಡಿದು ಜೋಡಿಸಬೇಕು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಹೊಸದುರ್ಗ ತಾಲ್ಲೂಕಿನ ನಮ್ಮ ಹೊಲಕ್ಕೆ ಸಣ್ಣ ಟ್ರ್ಯಾಕ್ಟರು ತಂದಾಗ ಮಾರಿದವರು ಗೇರು ಹಾಕುವುದನ್ನೂ ರೋಟವೇಟರ್ ಕಟ್ಟುವುದನ್ನೂ ತೋರಿಸಿದರು. ಬ್ರೇಕಿನ ಮಾತು ಬರಲಿಲ್ಲ, ನಾನೂ ಕೇಳಲಿಲ್ಲ. ಗೊಬ್ಬರ ತುಂಬಿದ ಟ್ರೇಲರಿನೊಡನೆ ಇಳಿಜಾರಿನಲ್ಲಿ ಬರುತ್ತಿದ್ದಾಗ ಬ್ರೇಕು ತುಳಿದೆ. ಬಲಗಾಲಿ ಹಿಡಿಯಿತು, ಎಡಗಾಲಿ ಹಿಡಿಯಲಿಲ್ಲ. ಟ್ರ್ಯಾಕ್ಟರು ಬಲಕ್ಕೆ ಎಳೆದುಕೊಂಡು ಹೋಗಿ ಬದುವಿಗೆ ಗುದ್ದಿ ನಿಂತಿತು. ನನ್ನ ಜೀವ ಉಳಿಸಿದ್ದು ಆ ಬದು. ಮುಂದಿನ ಮಳೆಗೆ ಅದೇ ಒಡಕಿನಲ್ಲಿ ನಮ್ಮ ಮೇಲ್ಮಣ್ಣು ಹಳ್ಳಕ್ಕೆ ಹೋಯಿತು.

ಸಾಮಾನ್ಯವಾಗಿ ಟ್ರ್ಯಾಕ್ಟರಿಗೆ ಬ್ರೇಕು ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಹೊಲದ ಅಂಚಿನಲ್ಲಿ ಬೇಗ ತಿರುಗಲೆಂದು ಎಡಗಾಲಿಗೊಂದು, ಬಲಗಾಲಿಗೊಂದು ಪೆಡಲ್ ಕೊಟ್ಟಿರುತ್ತಾರೆ. ಎರಡನ್ನೂ ಜೋಡಿಸುವ ಒಂದು ಕೊಂಡಿಯಿರುತ್ತದೆ. ರಸ್ತೆಗೆ ಬಂದಾಗ ಆ ಕೊಂಡಿ ಹಾಕಲೇಬೇಕು. ಹಾಕದೆ ಅವಸರದಲ್ಲಿ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರು ಮಗುಚುವುದು ಕ್ಷಣದ ಮಾತು. ಎರಡೂ ಪೆಡಲ್‌ಗಳ ಸಡಿಲ ಒಂದೇ ಸಮನಾಗಿರದಿದ್ದರೆ ಕೊಂಡಿ ಹಾಕಿಯೂ ಪ್ರಯೋಜನವಿಲ್ಲ.

ಆ ಸಡಿಲವನ್ನು ಸರಿಪಡಿಸುವುದು ಹೊಸಬರಿಗೂ ಸಾಧ್ಯ. ಸಮತಟ್ಟಾದ ಗಟ್ಟಿ ನೆಲದಲ್ಲಿ ಟ್ರ್ಯಾಕ್ಟರು ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದು, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಆಮೇಲೆ ನಿಲುಗಡೆ ಬ್ರೇಕು ಬಿಡಿಸಿ, ಕೊಂಡಿ ತೆಗೆದು, ಒಂದೊಂದು ಪೆಡಲನ್ನೂ ಕೈಯಿಂದ ಒತ್ತಿ, ಬಿಗಿ ಸಿಗುವವರೆಗೆ ಅದು ಎಷ್ಟು ಇಳಿಯುತ್ತದೆಂದು ಅಳತೆಪಟ್ಟಿಯಿಂದ ನೋಡಬೇಕು. ಅನೇಕ ಸಣ್ಣ ಟ್ರ್ಯಾಕ್ಟರುಗಳಲ್ಲಿ ಇದು 20ರಿಂದ 40 ಮಿಲಿಮೀಟರ್ ಒಳಗೆ ಇರುತ್ತದೆ. ತಮ್ಮ ಯಂತ್ರದ ಕೈಪಿಡಿ ಹೇಳಿದ ಅಳತೆಯೇ ಅಂತಿಮ. ಹೆಚ್ಚು ಕಡಿಮೆಯಿದ್ದರೆ ಬ್ರೇಕಿನ ಕಂಬಿಯ ಲಾಕ್ ನಟ್ ಸಡಿಲಿಸಿ, ಕಂಬಿಯ ಉದ್ದವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಎರಡೂ ಕಡೆ ಸಮ ಮಾಡಿ, ನಟ್ ಮತ್ತೆ ಬಿಗಿಯಬೇಕು. ಸಡಿಲವೇ ಇಲ್ಲದಂತೆ ಬಿಗಿದರೆ ಬ್ರೇಕು ಸದಾ ಉಜ್ಜಿಕೊಂಡು ಕಾಯುತ್ತದೆ, ಡೀಸೆಲ್ಲೂ ಹಾಳು. ಕೊನೆಗೆ ಕೊಂಡಿ ಹಾಕಿ, ಟ್ರೇಲರಿಲ್ಲದೆ, ಬಯಲಿನಲ್ಲಿ ನಿಧಾನವಾಗಿ ಓಡಿಸಿ ತುಳಿದು ನೋಡಬೇಕು. ಯಾವ ಕಡೆಗೂ ಎಳೆಯದೆ ನೇರವಾಗಿ ನಿಂತರೆ ಸರಿ.

ಇಷ್ಟು ಮಾಡಿಯೂ ಹಿಡಿಯದಿದ್ದರೆ ಲೈನಿಂಗ್ ಸವೆದಿರಬಹುದು ಅಥವಾ ಅದಕ್ಕೆ ಎಣ್ಣೆ ಸೋರಿರಬಹುದು. ಅದನ್ನು ಬಿಚ್ಚುವುದು ಬಲ್ಲ ಮೆಕ್ಯಾನಿಕ್ಕಿನ ಕೆಲಸ. ತೆಗೆದ ಹಳೆಯ ಎಣ್ಣೆಯನ್ನು ಬಾವಿಯ ಬದಿಗೆ ಚೆಲ್ಲದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಬ್ರೇಕು ಸರಿಯಿದ್ದ ಮಾತ್ರಕ್ಕೆ ಇಳಿಜಾರು ಸಮತಟ್ಟಾಗುವುದಿಲ್ಲ. ತುಂಬಿದ ಟ್ರೇಲರು ಹಿಂದಿನಿಂದ ನೂಕುತ್ತದೆ. ಅದಕ್ಕೆ ತನ್ನದೇ ಬ್ರೇಕು ಇಲ್ಲದಿರುವುದೇ ಹೆಚ್ಚು. ಇಳಿಯುವ ಮೊದಲೇ ಕೆಳಗೇರಿಗೆ ಬರಬೇಕು, ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಆಸೆ ಬೇಡ. ಒಂದು ಗಾಲಿ ಹಿಡಿದು ಗಿರಕ್ಕನೆ ತಿರುಗಿಸುವ ಚಟವೂ ಬೇಡ. ಹೊಲದ ಅಂಚಿನ ಮಣ್ಣನ್ನು ಅದು ಕಿತ್ತು ಪುಡಿಮಾಡುತ್ತದೆ; ಮೊದಲ ಹದ ಮಳೆಗೆ ಹೋಗುವುದು ಆ ಮಣ್ಣೇ. ತಿರುಗಲು ಜಾಗ ಸಾಲದೆಂದು ಬದುವನ್ನೇ ಒಡೆದು ಹಾಕುವವರೂ ಇದ್ದಾರೆ. ಬದುವೆಂದರೆ ಹೊಲದ ಬ್ರೇಕು. ಓಡುವ ನೀರನ್ನು ನಿಲ್ಲಿಸುವುದು ಅದು. 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಗೆ ಆಯ್ಕೆಯಾದ 5 ಜಿಲ್ಲೆಗಳಲ್ಲಿ ನಮ್ಮದೂ ಒಂದು. ಸಾರ್ವಜನಿಕ ಹಣದಲ್ಲಿ ಕಟ್ಟಿದ ಬದುಗಳನ್ನು ಸಾಲದ ಟ್ರ್ಯಾಕ್ಟರಿನಿಂದ ಕೆಡವುವುದು ಎಂಥ ಲೆಕ್ಕಾಚಾರ?

ಹೊಸದುರ್ಗದ ಕಡೆಯ ಮಣ್ಣು ವೇದಾವತಿಗೆ ಇಳಿದರೆ ಸೇರುವುದು ಹಿರಿಯೂರಿನ ವಾಣಿವಿಲಾಸ ಸಾಗರವನ್ನು. 1907ರಲ್ಲಿ ಪೂರ್ಣಗೊಂಡ ಆ ಮಾರಿಕಣಿವೆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ಅಪರೂಪಕ್ಕೆ ತುಂಬುವ ಜಲಾಶಯದಲ್ಲಿ ನೀರಿನ ಜಾಗವನ್ನು ನಮ್ಮ ಹೊಲದ ಹೂಳಿಗೆ ಬಿಟ್ಟುಕೊಡಲಾಗದು.

ಆದ್ದರಿಂದ ನಮ್ಮ ಒತ್ತಾಯ ಸರಳವಾದದ್ದು. ಸರ್ಕಾರ ಯಂತ್ರಕ್ಕೆ ಸಹಾಯಧನ ಕೊಡುತ್ತದೆ, ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೂ ಕೊಡಿಸುತ್ತದೆ. ಅದರ ಜೊತೆಗೇ ಒಂದು ದಿನದ ಬ್ರೇಕಿನ ತರಬೇತಿ ಕಡ್ಡಾಯವಾಗಲಿ. ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಂಗಳ ಸಾಕು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಮುಂದಾಗಲಿ. ಪಾನಾ ಕಲಿಯುವವರ ಕೈಗೆ ಬರಲಿ, ಕೈಪಿಡಿ ಕನ್ನಡದಲ್ಲಿರಲಿ. ಹೆಣ್ಣುಮಕ್ಕಳನ್ನೂ ಕರೆಯಲಿ, ಗಂಡಸರು ಊರು ಬಿಟ್ಟು ದುಡಿಯಲು ಹೋದ ಮನೆಗಳಲ್ಲಿ ಬೇಸಾಯ ನಡೆಸುತ್ತಿರುವವರು ಅವರೇ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮುಂಗಾರಿಗೆ ಮುನ್ನ ಒಂದು ಬೆಳಗ್ಗೆ ಊರಿನ ಟ್ರ್ಯಾಕ್ಟರುಗಳನ್ನೆಲ್ಲ ಒಂದು ಕಣದಲ್ಲಿ ನಿಲ್ಲಿಸಿ, ಬಲ್ಲವರನ್ನು ಕರೆದು, ಪೆಡಲ್ ಅಳೆಯೋಣ. ಅಂದೇ ಸಂಜೆ ಒಡೆದ ಬದುಗಳಿಗೆ ಮಣ್ಣು ಹಾಕೋಣ.